ಅಪ್ಪನ ಕೋಟಿನ ಸಂಖ್ಯೆ

ಜನವರಿ 9

ಗುಬ್ಬಿ,

ಇಲ್ಲಿ ನಾನೂ ನನ್ನ ಮೊಣಕಾಲೂ ಎಂದಿನಂತೆ ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ಫೋನ್ ಮಾಡಬಾರದೇ ಅತ್ತೆ ಅಂತ ನೀನು ಬೈಯುತ್ತೀಯ. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಈಗ ಹೇಳುವ ವಿಷಯದಲ್ಲಿ ಹಾಗೆ ಕಟ್ಟಿಕೊಂಡರೆ ನಡೆಯುವುದಿಲ್ಲ.

ಹೊಲಿಗೆ ಅಂಗಡಿ ಮುಚ್ಚುತ್ತಿದ್ದೇನೆ. ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುವ ಸ್ಥಿತಿ ಬಂದಿದೆ. ಮೊನ್ನೆ ಹಾಲಿನವನು ಪೋಣಿಸಿಕೊಟ್ಟು, "ಅಜ್ಜಿ, ಇದಕ್ಕೆ ಕೂಲಿ ಎಷ್ಟು?" ಎಂದ. "ನಿನ್ನ ಹರಕು ಜೇಬು ಹೊಲಿದುಕೊಡುತ್ತೇನೆ, ದಾರ ಮತ್ತೆ ನೀನೇ ಪೋಣಿಸಬೇಕು" ಎಂದೆ.

ಸಾಮಾನು ಇಳಿಸುತ್ತಾ ಇಳಿಸುತ್ತಾ ನಿಮ್ಮಜ್ಜನ ಕೋಟಿನ ಹತ್ತಿರ ಬಂದು ನಿಂತೆ. ನೀನು ನೋಡಿದ್ದೀಯ, ಒಳಕೋಣೆಯ ಮೇಲಿನ ಗೂಟದಲ್ಲಿ ಬಿಳಿ ಬಟ್ಟೆ ಹೊದೆಸಿರುವುದು. ಅಪ್ಪ ಯುದ್ಧಕ್ಕೆ ಹೋದಾಗ ನನಗೆ ನಾಲ್ಕು ವರ್ಷ, ನಿನ್ನ ಅಪ್ಪನಿಗೆ ಒಂಬತ್ತು. ಅವನು ಹೋಗಿ ವರ್ಷ ತುಂಬುವ ಮೊದಲೇ ಸೇನೆಯ ಈ ಕೋಟು ಬಂತು, ಜೊತೆಗೊಂದು ಕಾಗದ: ಇಲ್ಲಿ ಸೆಕೆ, ಕೋಟು ಬೇಡ, ಯುದ್ಧ ಮುಗಿದ ಮೇಲೆ ಬರುತ್ತೇನೆ ಅಂತ. ಯುದ್ಧ ಮುಗಿಯಿತು, ಅಪ್ಪ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅಮ್ಮ ಐವತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಆ ಕೋಟನ್ನು ಯಾರೂ ಇಳಿಸುವಂತಿರಲಿಲ್ಲ. ಧೂಳನ್ನೂ ಅವಳೇ ಒರೆಸುತ್ತಿದ್ದಳು.

ಅಮ್ಮ ಹೋದ ದಿನ ನಿನ್ನ ಅಪ್ಪ ಹೆಣದ ಮುಂದೆ ನಿಂತು, "ಅಪ್ಪ ಯಾವತ್ತೋ ಸತ್ತ, ಇವಳು ಸುಮ್ಮನೆ ಕಾದಳು" ಎಂದ. "ನಿನಗೆ ಹೇಗೆ ಗೊತ್ತು?" ಎಂದು ಕೇಳಿದೆ. ಅಮ್ಮನ ಹೊದಿಕೆ ಸರಿಮಾಡುತ್ತಾ ನಿಂತ. "ಅಪ್ಪನನ್ನು ಕೊಲ್ಲಲು ನಿನಗೆಷ್ಟು ಅವಸರ" ಎಂದುಬಿಟ್ಟೆ. ನಮ್ಮಿಬ್ಬರ ಮಾತು ಅಲ್ಲಿಗೆ ನಿಂತದ್ದು. ಇಪ್ಪತ್ತೆರಡು ವರ್ಷವಾಯಿತು.

ನೀನಿರುವ ಊರಿನಲ್ಲಿ ಸೇನೆಯ ಹಳೆಯ ದಾಖಲೆಗಳ ಕಚೇರಿ ಇದೆಯಂತೆ. ಮೊನ್ನೆ ಮೇಜು ಹತ್ತಿ ಕೋಟಿನ ಕಾಲರ್ ಮಡಿಸಿ ನೋಡಿದೆ. ಒಳಗೆ ಕಪ್ಪು ಶಾಯಿಯಲ್ಲಿ ತುಕಡಿಯ ಗುರುತೂ 4417 ಎಂಬ ಸಂಖ್ಯೆಯೂ ಇದೆ. ಆಸ್ಪತ್ರೆ ಕೆಲಸಕ್ಕೆ ನಿನಗೆ ರಜೆ ಇದ್ದ ದಿನ ಹೋಗಿ ಕೇಳುತ್ತೀಯಾ? ಪದಕ, ಪರಾಕ್ರಮ ಏನೂ ಬೇಡ. ಅಪ್ಪ ಬರಲಾಗದೆ ಬರಲಿಲ್ಲವೋ, ಬರಬಾರದೆಂದು ಬರಲಿಲ್ಲವೋ, ಅಷ್ಟು ಗೊತ್ತಾದರೆ ಸಾಕು.

ನಿನ್ನ ಅಪ್ಪನಿಗೆ ಹೇಳಬೇಡ.

ನಿನ್ನ ಅತ್ತೆ


ಫೆಬ್ರವರಿ 3

ಪ್ರೀತಿಯ ಅತ್ತೆ,

ಎರಡು ಸಲ ಹೋಗಿ ಬಂದೆ. ಉದ್ದನೆಯ ಕೋಣೆ, ಗೋಡೆ ಕಾಣದಷ್ಟು ಕಟ್ಟುಗಳು, ಒಂದೇ ಒಂದು ಫ್ಯಾನು. ಅಲ್ಲಿನ ಗುಮಾಸ್ತರಿಗೆ ವರ್ಷವಿಡೀ ಧೂಳಿನ ನೆಗಡಿಯಂತೆ. ಪ್ರತಿ ಪುಟಕ್ಕೊಂದು ಸೀನು. ನಾನು ನರ್ಸ್ ಎಂದು ತಿಳಿದ ಮೇಲೆ ಅಜ್ಜನ ವಿಷಯಕ್ಕಿಂತ ಅವರ ಮೂಗಿನ ವಿಷಯವೇ ಜಾಸ್ತಿಯಾಯಿತು. ಒಳ್ಳೆಯವರು.

ಆ ತುಕಡಿಯ ಹೆಸರಿನ ಪಟ್ಟಿಗಳೆಲ್ಲ ಎಂದೋ ಬೆಂಕಿಗೆ ಹೋಗಿವೆ. ಉಳಿದಿರುವುದು ಶಿಸ್ತಿನ ಪುಸ್ತಕ. ಅದರಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಶಿಸ್ತಿನ ಪುಸ್ತಕ ಅಂದರೆ ತಪ್ಪು ಮಾಡಿದ ಸಿಪಾಯಿಗಳನ್ನು ಬರೆದಿಡುವ ಪುಸ್ತಕ. 4417 ಅದರಲ್ಲಿದೆ.

ಬರೆದದ್ದು ಇಷ್ಟೇ. "4417. ಬೆಳಗಿನ ಎಣಿಕೆಯಲ್ಲಿ ಇಲ್ಲ. ರಜೆ ಪಡೆದಿಲ್ಲ. ಹುಡುಕಲಾಯಿತು. ಸಿಗಲಿಲ್ಲ. ಓಡಿಹೋದನೆಂದು ದಾಖಲು."

ಬರೆಯಲೋ ಬೇಡವೋ ಎಂದು ಒಂದು ವಾರ ತಡೆದೆ, ಅತ್ತೆ. ಆದರೆ ನೀವು ಕೇಳಿದ್ದು ನಿಜವನ್ನು. ಮುಚ್ಚಿಟ್ಟರೆ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತೀರಿ.

ನಿಮ್ಮ ಗುಬ್ಬಿ


ಫೆಬ್ರವರಿ 20

ಗುಬ್ಬಿ,

ಕಾಗದ ತಲುಪಿತು. ನೀನು ಸರಿಯಾಗಿಯೇ ಮಾಡಿದ್ದೀಯ.

ಈ ಮಹಾರಾಯ ಎಲ್ಲೋ ಜೀವಂತ ಕೂತು, ಇಲ್ಲಿ ಅಮ್ಮ ಇಪ್ಪತ್ತಾರು ವರ್ಷಕ್ಕೇ ಹೊಲಿಗೆ ಯಂತ್ರಕ್ಕೆ ಬಾಗಿ ಬೆನ್ನು ಬಿಲ್ಲಾಗಿಸಿಕೊಳ್ಳುವುದಕ್ಕೆ ಬಿಟ್ಟ. ಸೈನ್ಯದಿಂದ ಓಡಲು ಕಾಲಿತ್ತು, ಮನೆಗೆ ನಡೆಯಲು ಇರಲಿಲ್ಲವೇ? ಇನ್ನು ಬರೆದರೆ ಬಾಯಿಗೆ ಬಾರದ್ದೆಲ್ಲ ಕೈಗೆ ಬರುತ್ತದೆ.

ಅತ್ತೆ


ಮಾರ್ಚ್ 27

ಗುಬ್ಬಿ,

ಹೋದ ತಿಂಗಳ ಕಾಗದವನ್ನು ಒಲೆಗೆ ಹಾಕು. ಒಂದು ತಿಂಗಳು ಅಪ್ಪನನ್ನು ದಿನಾ ಬೈದೆ. ಬೈದು ಬೈದು ಸಾಕಾಯಿತು. ಬೈಯಬೇಕಾದರೂ ಮುಖ ಎದುರಿಗೆ ಬರಬೇಕಲ್ಲ? ನೆನಪಿನಲ್ಲಿ ಮುಖವಿಲ್ಲ. ಹಾಗಾಗಿ ಒಂದು ಮುಖ ಮಾಡಿಕೊಂಡೆ. ಮಾಡಿಕೊಂಡ ಮೇಲೆ ಅದು ಪಾಪದವನ ಮುಖವಾಯಿತು.

ಈಗ ಹೀಗೆ ಅನ್ನಿಸುತ್ತದೆ. ಮೂವತ್ತೊಂದು ವರ್ಷದ ಗಂಡಸು, ಬಟ್ಟೆ ಕತ್ತರಿಸುವುದು ಬಿಟ್ಟು ಬೇರೇನೂ ಕತ್ತರಿಸಿದವನಲ್ಲ. ಹೆದರಿದ, ಓಡಿದ. ಮನೆಗೆ ಬಂದರೆ ಹಿಡಿಯುತ್ತಾರೆ ಎಂದು ಬರಲಿಲ್ಲ. ಆಮೇಲೆ ಇಷ್ಟು ದಿನ ಬರದವನು ಈಗ ಯಾವ ಮುಖ ಹೊತ್ತು ಹೋಗಲಿ ಎಂದು ಬರಲಿಲ್ಲ. ಒಂದು ದಿನ ತಡವಾದ ಬಟ್ಟೆಯನ್ನು ಕೊಡುವಾಗ ನನಗೇ ನಾಚಿಕೆಯಾಗುತ್ತದೆ. ವರ್ಷಗಟ್ಟಲೆ ತಡವಾದವನ ಪಾಡೇನು!

ಮಗಳೇ, ನಗಬೇಡ. ನಿಮ್ಮಜ್ಜನಿಗೆ ನಾನೊಂದು ಬದುಕು ಹೊಲಿದುಕೊಟ್ಟಿದ್ದೇನೆ. ಯಾವುದೋ ಊರಿನ ಸಣ್ಣ ಬೀದಿಯಲ್ಲಿ ಅವನದೊಂದು ಅಂಗಡಿ. ಮುದುಕನಾದ, ಹಲ್ಲು ಬಿತ್ತು, ಕನ್ನಡಕ ಬಂತು. ಇನ್ನೊಂದು ಸಂಸಾರವಿದ್ದರೂ ಇರಲಿ. ನನ್ನಂಥದೇ ಮೂಗಿನ ಒಬ್ಬಳು ತಂಗಿ ಎಲ್ಲೋ ಇರಬಹುದು ಅಂತ ಯೋಚಿಸಿದರೆ ಸಿಟ್ಟೇ ಬರುವುದಿಲ್ಲ. ಅಪ್ಪ ಎಂಬತ್ತು ವರ್ಷ ಬದುಕಿದ ಅಂತ ನೆನೆಸಿಕೊಂಡರೆ, ನಮಗೆ ಸಿಗದಿದ್ದರೂ ಹೋಗಲಿ, ಅವನಿಗಾದರೂ ಅವನ ಆಯಸ್ಸು ಸಿಕ್ಕಿತಲ್ಲ ಎನ್ನಿಸುತ್ತದೆ.

ನಿನ್ನ ಅಪ್ಪನಿಗೆ ಹೇಳಬೇಡ. ಅವನು ವರ್ಷಕ್ಕೊಮ್ಮೆ ಯೋಧರ ಸ್ಮಾರಕದ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಲ್ಲುವವನು. ಓಡಿಹೋದವನ ಮಗ ಎಂದು ಕೇಳಿದರೆ ತಡೆಯಲಾರ. ಜಗಳ ಇದ್ದರೇನು, ಅಣ್ಣನಲ್ಲವೇ.

ಅತ್ತೆ


ಏಪ್ರಿಲ್ 12

ಪ್ರೀತಿಯ ಅತ್ತೆ,

ತಪ್ಪು ಮಾಡಿದೆ. ಅಪ್ಪ ನನ್ನ ಚೀಲದಲ್ಲಿ ಕಚೇರಿಯ ರಸೀದಿ ನೋಡಿದರು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಇದ್ದವರು, ಯಾವ ಚೀಟಿಯನ್ನೂ ಓದದೆ ಬಿಡುವುದಿಲ್ಲ. "ಏನಿದು?" ಎಂದರು. ಸುಳ್ಳು ಹೇಳಲು ಬಾಯಿ ತೆರೆದೆ, ನಿಜ ಹೊರಗೆ ಬಂತು.

ನಾನು ಕಿರುಚುತ್ತಾರೆ ಅಂದುಕೊಂಡಿದ್ದೆ. ಕಿರುಚಲಿಲ್ಲ. "ಓಡಿಹೋದನಂತೆಯೇ? ನಿನ್ನ ಅತ್ತೆ ನಂಬಿದಳೇ?" ಎಂದು ಎರಡು ಸಲ ಕೇಳಿದರು. ನಂಬಿದ್ದಾರೆ, ಕ್ಷಮಿಸಿಯೂ ಆಗಿದೆ ಎಂದೆ. ಊಟದ ತಟ್ಟೆ ಬಿಟ್ಟು ಎದ್ದು ಹೋದರು. ನಾಲ್ಕು ದಿನದಿಂದ ಕಿಟಕಿಯ ಹತ್ತಿರ ಕೂತಿದ್ದಾರೆ. ನಾಡಿ ಸರಿಯಿದೆ, ರಕ್ತದೊತ್ತಡ ಸರಿಯಿದೆ. ಮನುಷ್ಯ ಮಾತ್ರ ಸರಿಯಿಲ್ಲ.

ನೆಗಡಿ ಗುಮಾಸ್ತರು ಇನ್ನೊಂದು ಪುಟ ಹುಡುಕಿಕೊಟ್ಟರು. ಓಡಿಹೋದವರನ್ನು ಹಿಡಿಯಲು ಬರೆದ ಗುರುತುಗಳು. "4417: ಎತ್ತರ ಆರಡಿ ಒಂದಂಗುಲ. ಎಡಗಿವಿಯ ಅಂಚು ಹರಿದಿದೆ." ಅಜ್ಜನ ಬಗ್ಗೆ ಕೊನೆಗೂ ಕಣ್ಣಿಗೆ ಕಾಣುವಂಥದ್ದು ಒಂದು ಸಿಕ್ಕಿತಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಷ್ಟು ಎತ್ತರದವರು ಬೇರೆ ಯಾರೂ ಯಾಕೆ ಹುಟ್ಟಲಿಲ್ಲವೋ!

ನಿಮ್ಮ ಗುಬ್ಬಿ


ಏಪ್ರಿಲ್ 21

ಗುಬ್ಬಿ,

ಕೂತು ಓದು.

ಆರಡಿ ಒಂದಂಗುಲ! ಅಮ್ಮ ಹೇಳಿ ನಗುತ್ತಿದ್ದ ಮಾತೊಂದಿದೆ: "ನಿಮ್ಮಪ್ಪ ಗಿರಾಕಿಯ ಭುಜ ಅಳೆಯಬೇಕಾದರೆ ಮೊದಲು ಮಣೆ ಹತ್ತುತ್ತಿದ್ದ." ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಹಾಲಿನವನನ್ನು ಕರೆದು ಕೋಟು ಇಳಿಸಿದೆ. ಕಿಟಕಿಯ ಬೆಳಕಿನಲ್ಲಿ, ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಜೀವಮಾನದಲ್ಲಿ ಮೊದಲ ಸಲ ಟೇಪು ಹಿಡಿದೆ.

ಎದೆ ನಲವತ್ತೆರಡು. ತೋಳು ಇಪ್ಪತ್ತಾರೂವರೆ. ಹಾಲಿನವನಿಗೆ ಹಾಕಿಸಿ ನೋಡಿದೆ, ಅವನೇ ಅದರೊಳಗೆ ಕಳೆದುಹೋದ. "ಅಜ್ಜಿ, ನಿಮ್ಮಪ್ಪ ಭೀಮನೇ?" ಎಂದ. "ಬಾಯಿ ಮುಚ್ಚಿ ಕೈ ಎತ್ತು" ಎಂದೆ. ಎತ್ತಿದಾಗ ಕಂಡಿತು. ಎಡ ಕಂಕುಳಿನ ಅಡಿಯಲ್ಲಿ ಹಳದಿ ದಾರದ ಎರಡು ಗಂಟು.

ಆ ಗಂಟು ನಿನಗೆ ಗೊತ್ತಿಲ್ಲ. ನಮ್ಮ ಅಂಗಡಿಗೆ ದುರಸ್ತಿಗೆ ಬಂದ ಪ್ರತಿ ಬಟ್ಟೆಗೂ ಕಂಕುಳಲ್ಲಿ ಬಣ್ಣದ ಗಂಟು ಹಾಕುತ್ತೇವೆ. ಕೆಂಪು ಅಂದರೆ ಅವಸರ, ನೀಲಿ ಅಂದರೆ ಗುಂಡಿ, ಹಳದಿ ಅಂದರೆ ಲೈನಿಂಗಿನ ಒಳಬಟ್ಟೆ. ಕೆಲಸ ಮುಗಿಸಿ ಗಿರಾಕಿಯ ಕೈಗೆ ಕೊಡುವಾಗ ಕತ್ತರಿಸಿ ಬಿಸಾಡುತ್ತೇವೆ. ಅಮ್ಮನಿಗೆ ಅಪ್ಪ ಕಲಿಸಿದ್ದು, ನನಗೆ ಅಮ್ಮ ಕಲಿಸಿದ್ದು. ಗಂಟು ಇದೆ ಅಂದರೆ ಬಟ್ಟೆ ಇನ್ನೂ ಒಡೆಯನಿಗೆ ಸೇರಿಲ್ಲ ಅಂತ ಅರ್ಥ. ಒಳಬಟ್ಟೆ ನೋಡಿದೆ. ಅಂಚು ಅರ್ಧದವರೆಗೆ ಇರುವೆ ಸಾಲಿನಂಥ ಹೊಲಿಗೆ, ಉಳಿದರ್ಧ ಬರೀ ಕಚ್ಚಾ ಹೊಲಿಗೆ.

ಇದು ಅಪ್ಪನ ಕೋಟಲ್ಲ, ಗುಬ್ಬಿ. ಅಪ್ಪನ ಹತ್ತಿರ ರಿಪೇರಿಗೆ ಬಂದ ಕೋಟು. ಸೈನ್ಯಕ್ಕೆ ಹೋದರೂ ಅವನು ದರ್ಜಿಯೇ ಆಗಿದ್ದ. ಈ ಆರಡಿ ಆಸಾಮಿ ಕೋಟು ಕೊಟ್ಟು, ಮುಗಿಯುವಷ್ಟರಲ್ಲಿ ಓಡಿಹೋದ. ಬಿಟ್ಟುಹೋದ ಬಟ್ಟೆಯನ್ನು ಯಾವ ದರ್ಜಿಯೂ ಎಸೆಯುವುದಿಲ್ಲ. ನನ್ನ ಅಂಗಡಿಯಲ್ಲೇ ಹನ್ನೊಂದು ವರ್ಷದಿಂದ ಯಾರದೋ ಒಂದು ಪ್ಯಾಂಟಿದೆ. ಅಪ್ಪನೂ ಇಟ್ಟುಕೊಂಡಿದ್ದ. ಅವನ ಸಾಮಾನಿನ ಗಂಟು ಕಟ್ಟಿದವರು ಅದೂ ಅವನದೇ ಎಂದು ಕಳಿಸಿದ್ದಾರೆ.

ಎಂಥ ದರ್ಜಿ ನಾನು! ಅರವತ್ತು ವರ್ಷ ಊರ ಜನರ ಕೋಟು ನೋಡಿದೆ. ಈ ಒಂದನ್ನು ಮಾತ್ರ ಮಗಳಾಗಿ ನೋಡಿದೆ, ದರ್ಜಿಯಾಗಿ ನೋಡಲಿಲ್ಲ.

ಮೊದಲು ಸಂತೋಷವಾಯಿತು. ನನ್ನ ಅಪ್ಪ ಓಡಲಿಲ್ಲ ಎಂದು ಕೂಗಬೇಕೆನ್ನಿಸಿತು. ಆಮೇಲೆ ನೆನಪಾಯಿತು. ಅವನ ಸಾಮಾನಿನ ಗಂಟನ್ನು ಬೇರೆಯವರು ಕಟ್ಟಿದರು ಎಂದೆನಲ್ಲ, ಮನುಷ್ಯನ ಗಂಟನ್ನು ಬೇರೆಯವರು ಕಟ್ಟುವುದು ಯಾವಾಗ? ಹಲ್ಲಿಲ್ಲದ, ಕನ್ನಡಕದ ನನ್ನ ಮುದುಕ, ಆ ಸಣ್ಣ ಬೀದಿಯ ಅಂಗಡಿ, ಮೂಗಿನ ತಂಗಿ, ಎಲ್ಲ ಒಂದೇ ಎಳೆಗೆ ಬಿಚ್ಚಿಹೋಯಿತು.

ಆದರೆ ಒಂದು ಅರ್ಥವಾಗುತ್ತಿಲ್ಲ. ಕೋಟಿನ ಜೊತೆ ಬಂದ ಕಾಗದದಲ್ಲಿ ಅಪ್ಪ ಬರುತ್ತೇನೆ ಎಂದು ಬರೆದಿದ್ದ. ಅದನ್ನು ಅಮ್ಮನಿಗೆ ಓದಿ ಹೇಳಿದ್ದು ನಿನ್ನ ಅಪ್ಪ. ಈ ಕಾಗದವನ್ನು ಅವನಿಗೇ ಕೊಡು. ಇನ್ನು ಮುಚ್ಚುಮರೆ ಬೇಡ.

ಅತ್ತೆ


ಮೇ 8

ತಂಗಿ ಮೊಂಡಿಗೆ,

  ಗುಬ್ಬಿ ಬರೆದುಕೊಡುತ್ತೇನೆ ಎಂದಳು. ಇದು ನನ್ನ ಕೈಯಿಂದಲೇ ಬರಬೇಕು.

ಆ ಕಾಗದ ಅಪ್ಪ ಬರೆದದ್ದಲ್ಲ. ಸೇನೆಯವರದು. ನಾಲ್ಕು ಸಾಲು. ಇವತ್ತಿಗೂ ಬಾಯಿಪಾಠ: "ನಿಮ್ಮ ಪತಿ, ತುಕಡಿಯ ಹೊಲಿಗೆ ಕೋಣೆಯ ದರ್ಜಿ, ಶಿಬಿರದ ಆಸ್ಪತ್ರೆಯಲ್ಲಿ ಹನ್ನೊಂದು ದಿನದ ಜ್ವರದ ನಂತರ ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಲಾಯಿತು. ಅವರ ವಸ್ತುಗಳನ್ನು ಕಳುಹಿಸಲಾಗಿದೆ. ವಿಷಾದವಿದೆ."

ಮಧ್ಯಾಹ್ನ ಬಂತು. ನೀನು ಮೇಜಿನ ಕೆಳಗೆ ಚಿಂದಿ ಬಟ್ಟೆಯಲ್ಲಿ ಆಡುತ್ತಿದ್ದೆ. ಅಮ್ಮ ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು, ಬಾಯಿ ತುಂಬ ಗುಂಡುಸೂಜಿ. ಅವಳಿಗೆ ಓದು ಬರುತ್ತಿರಲಿಲ್ಲ. ಓದು ಎಂದು ಕಣ್ಣಲ್ಲೇ ಹೇಳಿದಳು. ನಾನು ಮನಸ್ಸಿನಲ್ಲಿ ಓದಿಕೊಂಡೆ. ತಲೆ ಎತ್ತಿ ನೋಡಿದರೆ ಆ ಸೂಜಿಗಳು. ಈಗ ಹೇಳಿದರೆ ಅಮ್ಮ ಕೂಗುತ್ತಾಳೆ, ಕೂಗಿದರೆ ಸೂಜಿಗಳೆಲ್ಲ ಗಂಟಲಿಗೆ ಹೋಗುತ್ತವೆ ಅನ್ನಿಸಿತು. ಅಷ್ಟೇ, ಮೊಂಡಿ. ಬೇರೆ ಯಾವ ಯೋಚನೆಯೂ ಇರಲಿಲ್ಲ. ಸೂಜಿ ತೆಗೆಯುವವರೆಗೆ ಏನಾದರೂ ಹೇಳೋಣ ಎಂದು, "ಅಲ್ಲಿ ಸೆಕೆಯಂತೆ, ಕೋಟು ಕಳಿಸಿದ್ದಾರಂತೆ, ಯುದ್ಧ ಮುಗಿದ ಮೇಲೆ ಬರುತ್ತಾರಂತೆ" ಎಂದೆ. ಅಮ್ಮ ಒಂದೊಂದಾಗಿ ಸೂಜಿ ತೆಗೆದು ದಿಂಬಿಗೆ ಚುಚ್ಚಿದಳು. ಆಮೇಲೆ ನಕ್ಕಳು. ಆ ನಗು ನೋಡಿದ ಮೇಲೆ ನನ್ನ ಬಾಯಲ್ಲಿ ಸೂಜಿ ತುಂಬಿತು.

ಕಾಗದ ನಾನೇ ಇಟ್ಟುಕೊಳ್ಳುತ್ತೇನೆ ಎಂದೆ, ಕೊಟ್ಟಳು. ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಹಾಕಿದೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆಗಳು ಮುಗಿಯಲಿಲ್ಲ. ದೊಡ್ಡವನಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದರೆ ಏನು ಹೇಳಲಿ? ಅಂಚೆ ಕೆಲಸಕ್ಕೆ ಸೇರಿದೆ. ಮೂವತ್ತೈದು ವರ್ಷದಲ್ಲಿ ಒಂದು ಕಾಗದವೂ ನನ್ನ ಕೈಯಲ್ಲಿ ದಾರಿ ತಪ್ಪಲಿಲ್ಲ. ಅದರಿಂದ ಆ ಒಂದು ಸರಿಹೋಗಲಿಲ್ಲ.

ಅಪ್ಪನನ್ನು ಓಡಿಹೋದವನೆಂದು ನೀನು ನಂಬಿದೆ ಅಂತ ಗುಬ್ಬಿ ಹೇಳಿದಾಗ, ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೂ ನಿನ್ನ ಕಾಗದ ಬರುವವರೆಗೆ ಬಾಯಿ ಬಿಡಲಿಲ್ಲ. ಎಂಬತ್ತನಾಲ್ಕು ವರ್ಷದ ಗಂಡಸು, ನನ್ನ ಮಾನ ಉಳಿಸಿಕೊಳ್ಳಲು ಅಪ್ಪನ ಮಾನ ಹೋಗಲು ಬಿಟ್ಟು ಕೂತೆ. ಒಂಬತ್ತು ವರ್ಷದವನನ್ನು ಕ್ಷಮಿಸಿದರೂ ಈ ಮುದುಕನನ್ನು ಕ್ಷಮಿಸಬೇಡ.

ಅಣ್ಣ


ಮೇ 15

ಅಣ್ಣ,

ನಿನ್ನ ಕಾಗದವನ್ನು ನಾಲ್ಕು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಸಿಟ್ಟು ಬಂದಿದೆ. ಸುಳ್ಳು ಹೇಳುವುದಿಲ್ಲ, ಈ ಮನೆಯಲ್ಲಿ ಅದು ಸಾಕಷ್ಟಾಗಿದೆ. ಇಪ್ಪತ್ತೆರಡು ವರ್ಷ ನಿನ್ನ ಜೊತೆ ಮಾತು ಬಿಟ್ಟೆನಲ್ಲ, ನೀನು ಹೇಳಿದ್ದು ನಿಜವಾಗಿತ್ತಲ್ಲ, ಆ ಸಿಟ್ಟನ್ನು ಯಾರ ಮೇಲೆ ಇಳಿಸಲಿ?

ಆದರೆ ನಿನಗೆ ಗೊತ್ತಿಲ್ಲದ ಒಂದನ್ನು ಹೇಳುತ್ತೇನೆ. ನಾನೂ ಈ ವಾರವಷ್ಟೇ ಯೋಚಿಸಿದ್ದು.

ಗಂಡನ ಎದೆಯ ಅಳತೆ ಅಮ್ಮನಿಗೆ ಗೊತ್ತಿರಲಿಲ್ಲವೇ? ಮಣೆ ಹತ್ತುವ ಗಂಡಸಿನ ಮನೆಗೆ ಆರಡಿಯವನ ಕೋಟು ಬಂತು. ಕಂಕುಳಲ್ಲಿ ಹಳದಿ ಗಂಟು, ಒಳಬಟ್ಟೆ ಅರ್ಧ ಹೊಲಿದದ್ದು. ಅಪ್ಪ ಅರ್ಧ ಕೆಲಸ ಬಿಟ್ಟು ಮೇಲೇಳುವವನಲ್ಲ ಅಂತ ಅವಳೇ ಹೇಳುತ್ತಿದ್ದಳು. ನನಗೆ ಕಂಡದ್ದು ಅವಳಿಗೆ ಕಾಣಲಿಲ್ಲವೇ? ಇಸ್ತ್ರಿಪೆಟ್ಟಿಗೆಯಲ್ಲಿ ಕಾಗದ ಸುಟ್ಟರೆ ಮಾರನೆಯ ದಿನದ ಬಿಳಿ ಬಟ್ಟೆಗೆ ಮಸಿ ಹತ್ತುತ್ತದೆ. ಯಾಕೆ ಹತ್ತಿತು ಎಂದು ನಿನ್ನನ್ನು ಕೇಳಿದಳೇ? ಆ ಕಾಗದ ಎಲ್ಲಿ, ಇನ್ನೊಮ್ಮೆ ಓದು ಎಂದು ಐವತ್ತೆರಡು ವರ್ಷದಲ್ಲಿ ಒಮ್ಮೆಯಾದರೂ ಅಂದಳೇ? ಗಂಡನ ಒಂದೇ ಒಂದು ಕಾಗದ, ಅಣ್ಣ! ಬೇರೆ ಯಾವ ಹೆಂಗಸಾದರೂ ದಿನಕ್ಕೆ ಮೂರು ಸಲ ಓದಿಸುತ್ತಿದ್ದಳು.

ಕೋಟನ್ನು ನನಗೆ ಮುಟ್ಟಲು ಬಿಡದದ್ದು ಭಕ್ತಿಯಿಂದ ಎಂದುಕೊಂಡಿದ್ದೆ. ಕೆಲಸ ಕಲಿತ ಕೈ ಅದನ್ನು ಮುಟ್ಟಿದರೆ ನೀನು ಹೇಳಿದ್ದು ಸುಳ್ಳೆಂದು ಹೊರಬೀಳುತ್ತದೆ ಅಂತ ಇರಬೇಕು. ಅವಳು ಕಾದದ್ದು ಅಪ್ಪನಿಗಾಗಿ ಅಲ್ಲವೇನೋ. ನೀನು ಯಾವತ್ತಾದರೂ ಬಂದು ಅಮ್ಮಾ ಎಂದು ಬಾಯಿ ಬಿಡುತ್ತೀಯ ಎಂದು ಕಾದಳೇನೋ. ಗೊತ್ತಿಲ್ಲ. ಕೇಳಲು ಅವಳಿಲ್ಲ. ನಾನು ನಂಬಿದ್ದೇನೆ, ನೀನು ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಮುದುಕನನ್ನು ಕ್ಷಮಿಸಬೇಡ ಎಂದಿದ್ದೀಯ. ಅದನ್ನು ನಿನ್ನನ್ನು ನೋಡಿದ ಮೇಲೆ ತೀರ್ಮಾನಿಸುತ್ತೇನೆ. ಜಗಳವನ್ನು ಕಾಗದದಲ್ಲಿ ಆಡಲು ನನಗೆ ಬರುವುದಿಲ್ಲ, ಬೈಗುಳಕ್ಕೆ ಕಾಗುಣಿತ ಯಾರು ನೋಡುತ್ತಾ ಕೂರುತ್ತಾರೆ? ಗುಬ್ಬಿಗೆ ಮುಂದಿನ ವಾರ ರಜೆ ಇದೆಯಂತೆ. ಅವಳ ಜೊತೆ ಬಾ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರು, ಇಲ್ಲದಿದ್ದರೆ ನಿನಗೆ ವಾಂತಿ. ಅಂಗಡಿಯ ಸಾಮಾನೆಲ್ಲ ಹೋಗಿದೆ, ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ ಇದೆ.

ಇನ್ನೊಂದು ಕಾರಣಕ್ಕೂ ಬಾ. ನನ್ನ ಅಪ್ಪ ತೀರಿಕೊಂಡು ನನಗೆ ಇದು ಐದನೆಯ ದಿನ. ಎದ್ದ ತಕ್ಷಣ ನೆನಪಾಗುತ್ತದೆ, ಕೈಗೆ ಏನು ಕೆಲಸ ಕೊಡಬೇಕೋ ತಿಳಿಯುವುದಿಲ್ಲ. ಅನ್ನಕ್ಕೆ ಇಟ್ಟು ಮರೆಯುತ್ತೇನೆ. ನೀನು ಇದನ್ನು ಒಂಬತ್ತನೆಯ ವಯಸ್ಸಿನಿಂದ ಒಬ್ಬನೇ ಹೊತ್ತವನು, ಯಾರಿಗೂ ಕಾಣದ ಹಾಗೆ ಅಳುವುದು ಹೇಗೆಂದು ಬಲ್ಲವನು. ನಾನು ಹೊಸಬಳು, ಅಣ್ಣ. ನನಗೇನೂ ಬರುವುದಿಲ್ಲ. ಬಂದು ಹೇಳಿಕೊಡು.

ಮೊಂಡಿ